ಯಾರ್ಕ್‌ಟೌನ್ ನೋಡೋಕಿಂತ ಮೊದ್ಲು ಕೊಪ್ಪಳ ಕೋಟೆ ಹತ್ತಬೇಕ್ರಿ

ಮಾನ್ಯ ಸಂಪಾದಕರಿಗೆ ಕೊಪ್ಪಳದಿಂದ ನಮಸ್ಕಾರ್ರಿ,

ನನ್ನ ಮಕ್ಕಳಿಬ್ರೂ ಸಾಲಿಗೆ ಹೋಗಂಗಿಲ್ಲ, ಮನ್ಯಾಗ ಓದಿಸ್ತೀವಿ. ಮಗಳಿಗೆ 12, ಮಗನಿಗೆ 9. ಮುಂದ ಎನ್‌ಐಓಎಸ್ (ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ)ನ್ಯಾಗ ಹತ್ತನೇದು ಕಟ್ಟಿಸೋ ವಿಚಾರ ಐತಿ. ಯಾಕ, ಹೆಂಗ ಅನ್ನೋದು ಬ್ಯಾರೆ ಮಾತು, ಈ ಪತ್ರ ಅದಕ್ಕಲ್ಲ. ಈ ವರ್ಷ ಸೆಪ್ಟೆಂಬರ್‌ನ್ಯಾಗ ಅಮೆರಿಕಾದ ವರ್ಜೀನಿಯಾದಾಗ ಇರೋ ನಮ್ಮ ನಾದಿನಿ ಮನಿಗೆ ಮೂರು ವಾರ ಹೊಂಟೀವಿ. ಗೊತ್ತಾದವ್ರೆಲ್ಲ ಕೇಳೋದು ಒಂದೇ, ನಯಾಗರಾ ನೋಡ್ತೀರಾ, ಡಿಸ್ನಿಗೆ ಕರ್ಕೊಂಡ್ ಹೋಗ್ತೀರಾ ಅಂತ. ಇಲ್ರಿ, ಅಮೆರಿಕಾ ಎಲ್ಲಿಂದ ಶುರು ಆತು ಅನ್ನೋ ಜಾಗ ತೋರಿಸ್ಬೇಕು ಅಂತ ಭಾಳ ದಿನದಿಂದ ಕೂತು ಪ್ಲಾನ್ ಮಾಡಾಕತ್ತೀವಿ, ಪ್ಲಾನ್ ಮಾಡ್ತಾ ಮಾಡ್ತಾ ನಮಗ ತಿಳಿದದ್ದನ್ನ ನಿಮ್ಮ ಓದುಗರಿಗೂ ಹೇಳ್ಬೇಕು ಅನಿಸ್ತು, ಯಾಕಂದ್ರ ಈಗ ಕೊಪ್ಪಳ, ಗಂಗಾವತಿ, ಬಳ್ಳಾರಿ ಕಡಿಂದ ಬಾಣಂತನಕ್ಕಂತ ಅಮೆರಿಕಾಕ್ಕ ಹೋಗೋ ಅಜ್ಜಿಯರು ಎಷ್ಟು ಮಂದಿ, ರಜಾಕ್ಕ ಹೋಗೋ ಮಕ್ಕಳು ಎಷ್ಟು ಮಂದಿ, ಎಲ್ರೂ ಅದೇ ನಾಲ್ಕು ಜಾಗ ನೋಡಿ ಫೋಟೋ ಹಿಡ್ಕೊಂಡು ಬರ್ತಾರ.

ವರ್ಜೀನಿಯಾದಾಗ ಜೇಮ್ಸ್‌ಟೌನ್, ವಿಲಿಯಮ್ಸ್‌ಬರ್ಗ್, ಯಾರ್ಕ್‌ಟೌನ್ ಅಂತ ಮೂರು ಊರು ಹತ್ರ ಹತ್ರ ಅದಾವ, ಮೂರನ್ನೂ ಕೂಡಿಸೋ 37 ಕಿಲೋಮೀಟರ್ ರಸ್ತೆ ಐತಿ, ಕಲೋನಿಯಲ್ ಪಾರ್ಕ್‌ವೇ ಅಂತಾರ. 1607ರಾಗ ಇಂಗ್ಲಿಷರು ಬಂದು ಇಳಿದದ್ದು ಜೇಮ್ಸ್‌ಟೌನ್‌ನ್ಯಾಗ, 1781ರಾಗ ಅಮೆರಿಕಾದ ಸ್ವಾತಂತ್ರ್ಯ ಯುದ್ಧದಾಗ ಅವರ ಸೈನ್ಯ ಶರಣಾಗಿದ್ದು ಯಾರ್ಕ್‌ಟೌನ್‌ನ್ಯಾಗ, ಅಂದ್ರ ಶುರು ಆದದ್ದೂ ಮುಗಿದದ್ದೂ ಕೊಪ್ಪಳದಿಂದ ಗಂಗಾವತಿಗೆ ಹೋದಷ್ಟು ದೂರದೊಳಗ. ಒಂದು ಎಚ್ಚರ ಹೇಳ್ತೀನಿ, ಜೇಮ್ಸ್‌ಟೌನ್ ಹೆಸರಿನ್ಯಾಗ ಎರಡು ಜಾಗ ಅದಾವ. ಹಿಸ್ಟಾರಿಕ್ ಜೇಮ್ಸ್‌ಟೌನ್ ಅನ್ನೋದು ಖರೇ ಜಾಗ, ಅಲ್ಲಿ ಉತ್ಖನನ ನಡೆದೈತಿ. ಜೇಮ್ಸ್‌ಟೌನ್ ಸೆಟ್ಲ್‌ಮೆಂಟ್ ಅನ್ನೋದು ಪಕ್ಕದಾಗ ಕಟ್ಟಿರೋ ಮ್ಯೂಸಿಯಂ, ಆಗಿನಂಥ ಮೂರು ಹಡಗು, ಅಲ್ಲಿನ ಮೂಲ ಜನರ ಮನಿ ಎಲ್ಲ ಹಂಗ ಮತ್ತ ಮಾಡಿ ಇಟ್ಟಾರ. ಟಿಕೆಟ್ ಬ್ಯಾರೆ ಬ್ಯಾರೆ. ಸಣ್ಣ ಮಕ್ಕಳಿದ್ರ ಮೊದ್ಲು ಮ್ಯೂಸಿಯಂ ತೋರಿಸಿ ಆಮ್ಯಾಲ ಖರೇ ಜಾಗಕ್ಕ ಹೋಗ್ರಿ, ಇಲ್ಲಾಂದ್ರ ಅಲ್ಲಿ ಬರೇ ಮಣ್ಣು ನೋಡಿ ಬೇಜಾರಾಗ್ತಾರ.

ಆ ಮಣ್ಣಿನ ಕಥಿನೇ ನನಗ ಭಾಳ ಸೇರಿದ್ದು. ಆ ಕೋಟೆ ಜೇಮ್ಸ್ ನದ್ಯಾಗ ಕೊಚ್ಚಿ ಹೋಗೇತಿ ಅಂತ ಎಲ್ರೂ ಸುಮ್ನಾಗಿದ್ರಂತ, 1994ರಾಗ ವಿಲಿಯಂ ಕೆಲ್ಸೊ ಅನ್ನೋ ಪುರಾತತ್ವ ತಜ್ಞರು ಅಗಿಯಾಕ ಶುರು ಮಾಡಿದ್ರು, ಸಿಕ್ಕಿದ್ದು ಕಲ್ಲಿನ ಗೋಡಿ ಅಲ್ಲ, ಮಣ್ಣಿನ್ಯಾಗ ಕಪ್ಪು ಕಲೆ. ಕಟ್ಟಿಗಿ ಕಂಬ ಕೊಳತು ಹೋದ್ರೂ ಅದು ನಿಂತ ಜಾಗದ ಮಣ್ಣಿನ ಬಣ್ಣ ಬ್ಯಾರೆ ಇರ್ತೈತಿ, ಆ ಕಲೆ ಸಾಲು ಹಿಡಿದು ಹೋಗಿ ಇಡೀ ಕೋಟೆ ಗುರ್ತು ಹಚ್ಚಿದ್ರು. ಮಗನಿಗೆ ಇದು ತಲಿಗೆ ಹೋಗ್ಲಿಲ್ಲ. ಆಗ ನಮ್ಮ ಮಾವನವ್ರು ಹಿತ್ಲಾಗ ಕರ್ಕೊಂಡ್ ಹೋಗಿ, ನಾಲ್ಕು ವರ್ಷದ ಹಿಂದ ಮದುವಿಗೆ ಹಂದರ ಹಾಕಿದ ಗೂಟದ ಜಾಗ ಮೆಲ್ಲಗ ಕೆದರಿ ತೋರಿಸಿದ್ರು, ಸುತ್ತ ಮಣ್ಣು ಗಟ್ಟಿ, ಗೂಟ ಇದ್ದಲ್ಲಿ ಮೆತ್ತಗ, ಬಣ್ಣಾನೂ ಬ್ಯಾರೆ. ಅವತ್ತು ಸಂಜಿತನಕ ಹಿತ್ತಲ ತುಂಬ ಗೂಟ ಹುಡುಕಿದ. 1607ರಾಗ ಬಂದವ್ರು 104 ಮಂದಿ ಗಂಡಸ್ರು ಮತ್ತ ಹುಡುಗ್ರು, 1609-10ರ ಚಳಿಗಾಲದಾಗ ಕೋಟ್ಯಾಗ 300ರ ಹತ್ರ ಇದ್ದವ್ರು ಹಸಿವಿಂದ ಸತ್ತು ಸತ್ತು ಸುಮಾರು 60 ಉಳಿದ್ರು ಅನ್ನೋದನ್ನೂ ಮಕ್ಕಳಿಗೆ ಹೇಳೀವಿ, ಮುಚ್ಚಿಟ್ಟಿಲ್ಲ.

ನಮ್ಮ ಹಿರಿಯರು ಕೆಲವ್ರು ಅಂತಾರ, ಗವಿಮಠದ ಗುಡ್ಡದಾಗ, ಪಾಲ್ಕಿಗುಂಡುನ್ಯಾಗ ಅಶೋಕನ ಶಾಸನ ಇಟ್ಕೊಂಡ ಊರಿನವ್ರು ನಾವು, ಅವರ 400 ವರ್ಷದ ಇತಿಹಾಸ ನೋಡಾಕ ಅಷ್ಟು ರೊಕ್ಕ ಖರ್ಚು ಮಾಡ್ಬೇಕಾ ಅಂತ. ನಾನು ಒಪ್ಪಂಗಿಲ್ಲ. ಹಳೇದು ಅನ್ನೋದೊಂದ ಅಳತಿ ಅಲ್ಲ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡ್ಬೇಕು. ಕ್ಯಾಲೆಂಡರ್ ಹಾಳೆ ಹಿಂದಿನ ಮಗ್ಗಲು ಅಂಟಿಸಿ ಗೋಡಿಗೆ ಒಂದು ಉದ್ದ ಪಟ್ಟಿ ಮಾಡೀವಿ, ಮ್ಯಾಲ ನಮ್ಮ ಕಡಿದು, ಕೆಳಗ ಅಮೆರಿಕಾದ್ದು. ಕೃಷ್ಣದೇವರಾಯ ರಾಯಚೂರು ಗೆದ್ದದ್ದು 1520, ಮೇಫ್ಲವರ್ ಹಡಗು 102 ಪ್ರಯಾಣಿಕರನ್ನ ಹೊತ್ಕೊಂಡು ಪ್ಲಿಮತ್‌ಗೆ ಬಂದದ್ದು 1620, ಸರಿಯಾಗಿ ನೂರು ವರ್ಷ. ಇನ್ನ 1565 ಬರೆದಾಗ ನಾನೂ ಒಂದು ಕ್ಷಣ ಸುಮ್ನ ಕೂತೆ. ಆ ವರ್ಷ ಜನವರ್ಯಾಗ ರಕ್ಕಸಗಿ-ತಂಗಡಗಿ ಯುದ್ಧ ಆಗಿ ವಿಜಯನಗರ ಬಿತ್ತು, ಅದೇ ವರ್ಷ ಸೆಪ್ಟೆಂಬರ್‌ನ್ಯಾಗ ಫ್ಲಾರಿಡಾದಾಗ ಸ್ಪೇನಿನವ್ರು ಸೇಂಟ್ ಆಗಸ್ಟಿನ್ ಊರು ಕಟ್ಟಾಕ ಶುರು ಮಾಡಿದ್ರು, ಅಮೆರಿಕಾದಾಗ ಯುರೋಪಿನವ್ರು ಕಟ್ಟಿದ್ದರೊಳಗ ಇವತ್ತಿನತನಕ ಜನ ಬಿಡದೇ ಇರೋ ಹಳೇ ಊರು ಅದು. ಹೊಳಿ ಆಚಿ ಹಂಪಿ ಹಾಳಾದ ವರ್ಷ ಅಲ್ಲೊಂದು ಊರು ಹುಟ್ಟಿತು.

ಮಗಳು ಒಂದಿನ ಕೇಳಿದ್ಲು, ಅಲ್ಲಿ ಮೊದ್ಲೇ ಇದ್ದವ್ರಿಗೆ ಇಂಡಿಯನ್ಸ್ ಅಂತಾರಲ್ಲ, ಹಂಗಾದ್ರ ನಾವ್ಯಾರು ಅಂತ. ನಮ್ಮ ದೇಶ ಹುಡುಕ್ಕೊಂಡು ಹೊಂಟ ಕೊಲಂಬಸ್ ಮಾಡಿದ ತಪ್ಪಿಗೆ ಅವರ ಹೆಸರು ಹಂಗ ಉಳೀತು ಅಂತ ಹೇಳಿದೆ. ಜೇಮ್ಸ್‌ಟೌನ್ ಇರೋ ನೆಲದಾಗ ಪೊವ್ಹಾಟನ್ ಅನ್ನೋ ದೊಡ್ಡ ನಾಯಕನ ಕೆಳಗ ಸುಮಾರು 30 ಬುಡಕಟ್ಟು ಇದ್ವು, ಇಂಗ್ಲಿಷರು ಬಂದು ಖಾಲಿ ಜಾಗದಾಗ ಊರು ಕಟ್ಲಿಲ್ಲ. ಇದನ್ನ ಹೇಳದ ಟ್ರಿಪ್ ಮಾಡಿದ್ರ ಮಕ್ಕಳಿಗೆ ಅರ್ಧ ಸುಳ್ಳು ಕಲಿಸಿದಂಗ. ಇನ್ನೊಂದು, 1635ರ ವರ್ಜೀನಿಯಾದ ಭೂಮಿ ದಾಖಲೆಯೊಳಗ ಟೋನಿ ಅನ್ನೋ ಒಬ್ಬನ ಹೆಸರಿನ ಮುಂದ ಈಸ್ಟ್ ಇಂಡಿಯನ್ ಅಂತ ಬರೆದೈತಿ, ಅಂದ್ರ ನಮ್ಮ ಕಡಿಂದ ಹೋದವ. ಅವನ ನಿಜವಾದ ಹೆಸರು ಏನಿತ್ತೋ, ತಾಯಿ ಏನಂತ ಕರೀತಿದ್ಲೋ ಅಂತ ಮಗಳು ನೋಟ್‌ಬುಕ್‌ನ್ಯಾಗ ಬರ್ಕೊಂಡಾಳ.

ಗುಲಾಮಗಿರಿ ವಿಷಯ ಹೇಳೋದು ಕಷ್ಟ ಆತು. 1619ರಾಗ ವರ್ಜೀನಿಯಾದ ಪಾಯಿಂಟ್ ಕಂಫರ್ಟ್‌ಗೆ ಆಫ್ರಿಕಾದವ್ರನ್ನ ಹಿಡ್ಕೊಂಡು ತಂದು ಮಾರಿದ್ರು, ಜಾರ್ಜ್ ವಾಷಿಂಗ್ಟನ್ ಅವ್ರ ಮೌಂಟ್ ವರ್ನನ್ ಮನ್ಯಾಗ 1799ರ ಲೆಕ್ಕದಾಗ 317 ಮಂದಿ ಗುಲಾಮ್ರಿದ್ರು. ನಮ್ಮವ್ರು ಜೀತ ಅನ್ನೋ ಶಬ್ದ ಇಟ್ಕೊಂಡು ವಿವರಿಸಾಕ ಹೊಂಟ್ರು, ಸಂವಿಧಾನ ತಡೆದಿದ್ರೂ ದೇಶಕ್ಕೆಲ್ಲ ಜೀತ ರದ್ದು ಮಾಡೋ ಕಾಯ್ದೆ ನಮ್ಮಲ್ಲಿ ಬಂದದ್ದು 1976ರಾಗ ಅಂತ. ಆದ್ರ ಎರಡೂ ಒಂದೇ ಅಲ್ಲ ಅಂತ ನಾವೇ ತಿದ್ಕೊಂಡ್ವಿ, ಅಲ್ಲಿ ತಾಯಿ ಹೊಟ್ಟ್ಯಾಗಿಂದ ಬಂದ ಕೂಸೂ ಯಜಮಾನನ ಆಸ್ತಿ ಅಂತ ಕಾನೂನು ಬರೆದಿಟ್ಟಿದ್ರು. ಅದಕ್ಕ ಬ್ರಿಟಿಷರ ಕಾಲದಾಗ ವರ್ಜೀನಿಯಾದ ರಾಜಧಾನಿ ಆಗಿದ್ದ ವಿಲಿಯಮ್ಸ್‌ಬರ್ಗ್‌ನ್ಯಾಗ ಗವರ್ನರ್ ಬಂಗ್ಲೆ ಜೊತಿಗೆ ಕರಿಯರ ಬದುಕು ಹೆಂಗಿತ್ತು ಅಂತ ಹೇಳೋ ಕಾರ್ಯಕ್ರಮಾನೂ ನೋಡಬೇಕು ಅಂತ ಲಿಸ್ಟಿನ್ಯಾಗ ಬರ್ಕೊಂಡೀವಿ, ಆ ಕಾಲದಾಗ ಆ ಊರಿನ ಅರ್ಧಕ್ಕಿಂತ ಹೆಚ್ಚು ಮಂದಿ ಅವ್ರೇ ಇದ್ರು.

ಈಗ ಕೊಪ್ಪಳ ಕೋಟೆ ಮಾತಿಗೆ ಬರ್ತೀನ್ರಿ, ಈ ಪತ್ರ ಬರೆಯೋದೇ ಇದಕ್ಕ. ಯಾರ್ಕ್‌ಟೌನ್‌ನ್ಯಾಗ 1781 ಅಕ್ಟೋಬರ್ 19ಕ್ಕ 7 ಸಾವಿರಕ್ಕೂ ಹೆಚ್ಚು ಸೈನಿಕರ ಜೊತಿ ಶರಣಾದ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್. ತನಗ ಆರಾಮಿಲ್ಲ ಅಂತ ಹೇಳಿ ಕತ್ತಿ ಒಪ್ಪಿಸಾಕ ತನ್ನ ಕೈಕೆಳಗಿನ ಒಹಾರಾ ಅನ್ನೋ ಅಧಿಕಾರಿನ ಕಳಿಸಿದ. ಅದೇ ಕಾರ್ನ್‌ವಾಲಿಸ್ 1786ರಾಗ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ, ಟಿಪ್ಪು ಮ್ಯಾಲ ಯುದ್ಧ ನಡೆದಾಗ 1790ರಾಗ ನಿಜಾಮನ ಸೈನ್ಯ ಕಂಪನಿ ಸೈನ್ಯ ಎರಡೂ ಕೂಡಿ ನಮ್ಮ ಕೊಪ್ಪಳ ಕೋಟೆಗೆ ಮುತ್ತಿಗಿ ಹಾಕಿದ್ವು, ಸುಮಾರು ಆರು ತಿಂಗಳು ಕೋಟೆ ತಡ್ಕೊಂಡು ನಿಂತು 1791ರ ಏಪ್ರಿಲ್‌ನ್ಯಾಗ ಕೈಬಿಟ್ಟಿತು. ಟಿಪ್ಪು ಈ ಕೋಟೆ ಗಟ್ಟಿ ಮಾಡಿಸಿದ್ದು ಫ್ರೆಂಚ್ ಎಂಜಿನಿಯರ್‌ಗಳ ಕೈಲಿಂದ, ಯಾರ್ಕ್‌ಟೌನ್‌ನ್ಯಾಗ ವಾಷಿಂಗ್ಟನ್ ಜೊತಿ ನಿಂತವ್ರೂ ಫ್ರೆಂಚರೇ. 1792ರ ಶ್ರೀರಂಗಪಟ್ಟಣದ ಒಪ್ಪಂದದಾಗ ಟಿಪ್ಪು ಅರ್ಧ ರಾಜ್ಯ ಬಿಟ್ಟು, 3 ಕೋಟಿ 30 ಲಕ್ಷ ರೂಪಾಯಿ ಕೊಡೋ ಕರಾರು ಮಾಡಿ, ಎರಡು ಸಣ್ಣ ಗಂಡುಮಕ್ಕಳನ್ನ ಒತ್ತೆ ಇಡಬೇಕಾತು. ನನ್ನ ಮಗ ಅದನ್ನ ಕೇಳಿ, ಅಮೆರಿಕಾದಾಗ ಸೋತವ ಇಲ್ಲಿ ಬಂದು ಹೆಂಗ ಗೆದ್ದ ಅಂತ ಕೇಳಿದ. ಇಂಥ ಪ್ರಶ್ನೆ ಯಾವ ಪುಸ್ತಕದ ಕೊನ್ಯಾಗ ಬರ್ತೈತ್ರಿ? ಇದಕ್ಕ ಉತ್ತರ ಹುಡುಕಾಕ ನಾವು ಎರಡು ವಾರ ತಗೊಂಡ್ವಿ, ಮರಾಠ್ರು, ನಿಜಾಮ, ಕಂಪನಿ ಮೂವರೂ ಒಂದಾದದ್ದು, ಅಲ್ಲಿ ಬ್ರಿಟಿಷರಿಗೆ ಅಡ್ಡ ನಿಂತ ಫ್ರೆಂಚ್ ನೌಕಾಪಡೆ ಇಲ್ಲಿ ಟಿಪ್ಪು ಸಹಾಯಕ್ಕ ಬರದೇ ಹೋದದ್ದು, ಎಲ್ಲ ಬಂತು.

ಬಳ್ಳಾರಿಯವ್ರಿಗೂ ಹಿಂಗ ಒಂದು ಎಳೆ ಐತಿ. ಬಳ್ಳಾರಿ ಗುಡ್ಡದ ಕೆಳಗಿನ ಕೋಟೆ ಕಟ್ಟಿಸಿದ ಹೈದರ್ ಅಲಿ ಹೆಸರನ್ನ ಅಮೆರಿಕಾದವ್ರು ತಮ್ಮ ಯುದ್ಧದ ಹಡಗಿಗೆ ಇಟ್ಟಿದ್ರು. ಪೆನ್ಸಿಲ್ವೇನಿಯಾದ ಆ ಹೈದರ್ ಅಲಿ ಹಡಗು ಜೋಶುವಾ ಬಾರ್ನಿ ಅನ್ನೋ ಕ್ಯಾಪ್ಟನ್ ಕೈಯಾಗ 1782ರ ಏಪ್ರಿಲ್‌ನ್ಯಾಗ ಡೆಲವೇರ್ ಕೊಲ್ಲಿಯೊಳಗ ತನಗಿಂತ ಬಲವಾದ ಜನರಲ್ ಮಾಂಕ್ ಅನ್ನೋ ಬ್ರಿಟಿಷ್ ಹಡಗನ್ನ ಹಿಡೀತು. ಬಾಸ್ಟನ್‌ನ್ಯಾಗ 1773ರ ಡಿಸೆಂಬರ್ 16ಕ್ಕ ಬ್ರಿಟಿಷರ ತೆರಿಗಿ ವಿರೋಧಿಸಿ ಸಮುದ್ರಕ್ಕ ಸುರುವಿದ 342 ಪೆಟ್ಟಿಗಿ ಚಹಾ ಯಾರದು? ಈಸ್ಟ್ ಇಂಡಿಯಾ ಕಂಪನಿದು, 1800ರಾಗ ನಿಜಾಮನಿಂದ ಬಳ್ಳಾರಿ ಸೀಮಿ ತಗೊಂಡು ಥಾಮಸ್ ಮನ್ರೋನ ಕಲೆಕ್ಟರ್ ಮಾಡಿ ತಂದು ಕೂರಿಸಿದ ಅದೇ ಕಂಪನಿದು. 1814ರಾಗ ಬಾಲ್ಟಿಮೋರ್‌ನ ಫೋರ್ಟ್ ಮೆಕ್‌ಹೆನ್ರಿ ಮ್ಯಾಲ ಬ್ರಿಟಿಷರು ಹಾರಿಸಿದ ಕಾಂಗ್ರೀವ್ ರಾಕೆಟ್‌ಗೆ ಮೂಲ ಮೈಸೂರಿನ ರಾಕೆಟ್. ಇಷ್ಟೆಲ್ಲ ಇಟ್ಕೊಂಡು ನಮ್ಮ ಮಕ್ಕಳು ಅಲ್ಲಿಗೆ ಹೋಗಿ ಬರೇ ಪರದೇಶದವ್ರಂಗ ನಿಂತು ನೋಡ್ಕೊಂಡು ಬರಬೇಕಾ?

ಪ್ರಾಕ್ಟೀಸ್‌ಗಂತ ಇಲ್ಲೇ ಮೂರು ಟ್ರಿಪ್ ಮಾಡೀವಿ. ಮೊದಲನೇದು ಪೂರಾ ಕೆಟ್ಟಿತು. ಪರಿಚಯದವ್ರ ಮಕ್ಕಳನ್ನೂ ಕೂಡಿಸಿ ಒಂದು ಕ್ರೂಸರ್ ಮಾಡ್ಕೊಂಡು ಏಪ್ರಿಲ್‌ನ್ಯಾಗ ಹಳೇ ಕಾಲದ ಕಲ್ಲಿನ ಸಮಾಧಿ ಇರೋ ಹಿರೇಬೆಣಕಲ್‌ನ ಮೋರ್ಯರ ಗುಡ್ಡಕ್ಕ ಹೋದ್ವಿ, ಹೊಂಡಾಕ ತಡ ಆಗಿ ಹತ್ತಾಕ ಶುರು ಮಾಡಿದಾಗ 11 ಗಂಟಿ, ಅರ್ಧ ದಾರ್ಯಾಗ ನೀರು ಖಾಲಿ, ಒಂದು ಹುಡುಗಿಗೆ ತಲಿ ಸುತ್ತು ಬಂತು, ವಾಪಸ್ ಇಳಿದ್ವಿ. ತಪ್ಪು ನನ್ನದೇ. ಎರಡನೇ ಸಲ ಡಿಸೆಂಬರ್‌ನ್ಯಾಗ ಬೆಳಿಗ್ಗೆ 6ಕ್ಕ ಹೊಂಟು, ಮಂಡಾಳ ಒಗ್ಗರಣಿ ಮಿರ್ಚಿ ಕಟ್ಕೊಂಡು ಹೋದ್ವಿ, ಮ್ಯಾಲ ಆ ಕಲ್ಲಿನ ಮನಿಗಳ ಸಾಲಿನ್ಯಾಗ ನಾಲ್ಕು ತಾಸು ಇದ್ರು ಮಕ್ಕಳು, ಕಲ್ಲಿನ ನಗಾರಿ ಬಾರಿಸಿ ಸದ್ದು ಕೇಳಿದ್ರು. ಅವತ್ತಿಂದ ನಮ್ಮ ನೇಮ ಇಷ್ಟ, ಒಂದು ದಿನಕ್ಕ ಒಂದೇ ಜಾಗ, ಬಿಸಿಲು ಏರೋದ್ರೊಳಗ ಅರ್ಧ ನೋಡಿ ಮುಗಿಸೋದು, ಪ್ರತಿ ಮಗು ಮನ್ಯಾಗಿಂದಾನ ಎರಡು ಪ್ರಶ್ನೆ ಬರ್ಕೊಂಡ್ ಬರೋದು. ವರ್ಜೀನಿಯಾದಾಗೂ ಬೇಸಿಗ್ಯಾಗ ಬಿಸಿಲು, ಸೆಕೆ, ಸೊಳ್ಳಿ ಭಾಳ ಅಂತ ನಾದಿನಿ ಹೇಳಿದ್ಲು, ಸಾಲಿ ರಜಾ ಕಾಯೋ ಗೋಜು ನಮಗಿಲ್ಲಲ್ಲ, ಅದಕ್ಕ ಸೆಪ್ಟೆಂಬರ್ ಕೊನಿ ಹಿಡಿದೀವಿ. ಮೂರನೇದು ಕಿನ್ನಾಳ. ವಿಲಿಯಮ್ಸ್‌ಬರ್ಗ್‌ನ್ಯಾಗ ಕಮ್ಮಾರ್ರು, ಪೀಪಾಯಿ ಮಾಡೋವ್ರು, ಪುಸ್ತಕ ಕಟ್ಟೋವ್ರು ಹಳೇ ಕಾಲದ ರೀತ್ಯಾಗ ಕೆಲ್ಸ ಮಾಡಿ ತೋರಿಸ್ತಾರ, ಅದನ್ನ ನೋಡೋಕಿಂತ ಮೊದ್ಲು ಕಿನ್ನಾಳದಾಗ ಹುಣಸಿಬೀಜದ ಅಂಟು ಕಾಯಿಸಿ ಗೊಂಬಿ ಮಾಡೋದನ್ನ ನೋಡ್ಲಿ ಅಂತ. ಇಲ್ಲಿ ಅದು ತೋರಿಸಾಕ ಮಾಡೋದಲ್ರಿ, ಆ ಮನೆತನಗಳ ಹೊಟ್ಟಿಪಾಡು.

ಅಮೆರಿಕಾದ ನ್ಯಾಷನಲ್ ಪಾರ್ಕ್‌ನವ್ರು ಜೂನಿಯರ್ ರೇಂಜರ್ ಅಂತ ಮಾಡ್ಯಾರ, ಮಕ್ಕಳಿಗೆ ಒಂದು ಸಣ್ಣ ಪುಸ್ತಕ ಕೊಡ್ತಾರ, ಜಾಗ ಸುತ್ತಾಡಿ ಅದರಾಗಿನ ಪ್ರಶ್ನೆಗೆ ಉತ್ತರ ಬರೆದು ತಂದ್ರ ಪ್ರಮಾಣ ಮಾಡಿಸಿ ಬ್ಯಾಡ್ಜ್ ಹಚ್ತಾರ. ಯಾರ್ಕ್‌ಟೌನ್‌ನ್ಯಾಗೂ ಐತಿ. ಮನ್ಯಾಗ ಓದೋ ಮಕ್ಕಳಿಗಂತ ಬ್ಯಾರೆ ದಿನ ಇಡೋ ಮ್ಯೂಸಿಯಂಗಳೂ ಅಲ್ಲದಾವ. ನಮ್ಮ ಕಡಿ ಒಂದು ಜಾಗಕ್ಕ ಹೋದಾಗ ಸಾಲಿ ಹೆಡ್ ಮಾಸ್ತರ್ ಲೆಟರ್ ಇಲ್ಲಂದ್ರ ಮಕ್ಕಳ ರಿಯಾಯಿತಿ ಇಲ್ಲ ಅಂತ ಕೌಂಟರ್‌ನ್ಯಾಗ ಹೇಳಿದ್ರು, ಹತ್ತು ರೂಪಾಯಿ ಪ್ರಶ್ನೆ ಅಲ್ರಿ, ನೀನು ಯಾವ ಸಾಲಿ ಅಂತ ಕೇಳಿದಾಗ ನನ್ನ ಮಗ ನನ್ನ ಮಾರಿ ನೋಡಿದ್ದು ನನಗಿನ್ನೂ ನೆನಪೈತಿ.

ಸಂಬಂಧಪಟ್ಟವ್ರಿಗೆ ನಿಮ್ಮ ಪತ್ರಿಕೆ ಮೂಲಕ ಕೇಳ್ಕೊಳ್ಳೋದು ಇಷ್ಟ. ಕೊಪ್ಪಳ ಕೋಟೆ, ಹಿರೇಬೆಣಕಲ್, ರಾಯಚೂರು ಕೋಟೆ, ಬಳ್ಳಾರಿ ಗುಡ್ಡ ಈ ನಾಲ್ಕಕ್ಕಾದ್ರೂ ಮಕ್ಕಳ ಭಾಷ್ಯಾಗ ಎಂಟು ಪುಟದ ಒಂದೊಂದು ಕನ್ನಡ ಪುಸ್ತಕ ಮಾಡ್ರಿ, ಓದಿ ಬರೆಯೋಂಥ ಪ್ರಶ್ನೆ ಇಡ್ರಿ. ಕೊಪ್ಪಳದ್ದರಾಗ ಕಾರ್ನ್‌ವಾಲಿಸ್ ಹೆಸರು, ಯಾರ್ಕ್‌ಟೌನ್ ಹೆಸರು ತಪ್ಪದೇ ಇರ್ಲಿ. ಅಕ್ಷರ ಜೋಡಿಸೋದು, ಚಿತ್ರ ಬರೆಯೋದು ಏನೇ ಇದ್ರೂ ನಾವು ನಾಲ್ಕೈದು ಮನೆಯವ್ರು ದುಡ್ಡಿಲ್ಲದ ಮಾಡಿಕೊಡ್ತೀವಿ. ಅಮೆರಿಕಾಕ್ಕ ಹೊಂಟ ಅಜ್ಜ ಅಜ್ಜಿಯರಿಗೂ ಒಂದು ಮಾತು, ಮೊಮ್ಮಕ್ಕಳು ರಜಾಕ್ಕ ಇಲ್ಲಿಗೆ ಬಂದಾಗ ಮೊದ್ಲು ಅವ್ರನ್ನ ಕೋಟೆ ಹತ್ತಿಸ್ರಿ, ಅಲ್ಲಿ ಸಾಲ್ಯಾಗ ಯಾರ್ಕ್‌ಟೌನ್ ಪಾಠ ಅವ್ರಿಗೆ ಬಂದೇ ಬರ್ತೈತಿ, ಅದರ ಮುಂದಿನ ಭಾಗ ಅಜ್ಜಿ ಊರಾಗ ಐತಿ ಅಂತ ಗೊತ್ತಾಗ್ಲಿ.

ನಾವು ಹೊಂಡೋಕಿಂತ ಮೊದ್ಲು ಇನ್ನೊಮ್ಮೆ ಕೋಟೆ ಹತ್ತವ್ರಿದೀವಿ. ಮಗಳು ಮ್ಯಾಲಿನ ಬುರುಜಿನಿಂದ ಕಾಣೋದನ್ನ ಚಿತ್ರ ಬರ್ಕೊಂಡು ಯಾರ್ಕ್‌ಟೌನ್‌ಗೆ ಒಯ್ತಾಳಂತ, ಅಲ್ಲಿನ ರೇಂಜರ್‌ಗೆ ತೋರಿಸಿ, ನಿಮ್ಮ ಕಾರ್ನ್‌ವಾಲಿಸ್ ಇಲ್ಲಿಂದ ಹೋದ ಮ್ಯಾಲ ಏನು ಮಾಡಿದ ಅಂತ ಗೊತ್ತಾ ಅಂತ ಕೇಳ್ತಾಳಂತ.

ಇಂತಿ ತಮ್ಮ ಓದುಗಳು,
ಒಬ್ಬ ತಾಯಿ, ಕೊಪ್ಪಳ