ನೀರು ಸೇರಿದರೆ ಕಲ್ಲೂ ಕರಗುತ್ತೆ

ಪ್ರೀತಿಯ ಸುರೇಶ,

ಭೂಮಿಯ ಹೊಟ್ಟೆ ತುಂಬಾ ಲಾವಾ, ಅಂದರೆ ಕರಗಿದ ಕಲ್ಲು ಕುದಿಯುತ್ತಿದೆ, ತೂತು ಬಿದ್ದಲ್ಲಿ ಜ್ವಾಲಾಮುಖಿಯಾಗಿ ಉಕ್ಕುತ್ತೆ ಅಂತ ಮಗಳಿಗೆ ಹೇಳಿಕೊಟ್ಟೆಯಂತೆ. ಫೋನಿನಲ್ಲಿ ಅವಳೇ ಹೇಳಿದಳು. ಪರೀಕ್ಷೆಯಲ್ಲೂ ಹಾಗೇ ಬರೆದುಬಿಟ್ಟಾಳು ಮಾರಾಯ, ಅದಕ್ಕೇ ಈ ಪತ್ರ.

ನಮ್ಮ ಕಾಲ ಕೆಳಗೆ ಸುಮಾರು 2,900 ಕಿ.ಮೀ. ಆಳದವರೆಗೂ ಇರೋದು ಹೆಚ್ಚೂ ಕಡಿಮೆ ಗಟ್ಟಿ ಕಲ್ಲೇ. ವಿಪರೀತ ಬಿಸಿ ಇದೆ, ನಿಜ. ಆದರೆ ಮೇಲಿನ ಭಾರ ಅದನ್ನು ಕರಗಲು ಬಿಡುವುದಿಲ್ಲ. ಕರಗಬೇಕೆಂದರೆ ಒಂದೋ ಆ ಒತ್ತಡ ತಗ್ಗಬೇಕು. ಐಸ್‌ಲ್ಯಾಂಡಿನಲ್ಲಿ ನೆಲ ಸೀಳಿ ದೂರ ಸರಿಯುತ್ತಿದೆಯಲ್ಲ, ಅಲ್ಲಿ ಆಗುವುದು ಅದೇ. ಇಲ್ಲವೇ, ನಂಬ್ತೀಯೋ ಬಿಡ್ತೀಯೋ, ನೀರು ಸೇರಬೇಕು.

ನಮ್ಮದೇ ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿ ತಗೋ. ಅಲ್ಲಿ ಹಿಂದೂ ಮಹಾಸಾಗರದ ತಳ ಅಂಡಮಾನಿನ ಅಡಿಗೆ ನಿಧಾನವಾಗಿ ನುಗ್ಗುತ್ತಿದೆ. ಕೋಟ್ಯಂತರ ವರ್ಷ ಸಮುದ್ರದಡಿ ಬಿದ್ದಿದ್ದ ಕಲ್ಲು ತಾನೇ, ಅದರ ಖನಿಜಗಳೊಳಗೇ ನೀರು ಸೇರಿಕೊಂಡಿರುತ್ತೆ. ಸುಮಾರು 100 ಕಿ.ಮೀ. ಆಳಕ್ಕೆ ಇಳಿಯುವಷ್ಟರಲ್ಲಿ ಆ ನೀರು ಹೊರಬಿದ್ದು, ಮೇಲಿರುವ ಬಿಸಿ ಕಲ್ಲಿಗೆ ಬೆರೆಯುತ್ತೆ. ನೀರು ಬೆರೆತ ಕಲ್ಲು ಕಡಿಮೆ ಶಾಖಕ್ಕೇ ಕರಗುತ್ತೆ. ಹೊಸದಾಗಿ ಯಾರೂ ಬೆಂಕಿ ಹಾಕಬೇಕಿಲ್ಲ! ಕರಗಿದ್ದು ಹಗುರ, ಹಾಗಾಗಿ ಮೇಲೇರುತ್ತೆ. ಮೇಲೆ ಬಂದಷ್ಟೂ ಒತ್ತಡ ಇಳಿದು, ಅದರೊಳಗಿನ ಆವಿ ಗೋಲಿ ಸೋಡಾದ ಗ್ಯಾಸಿನಂತೆ ಬುಸ್ಸೆಂದು ಬಿಡಿಸಿಕೊಳ್ಳುತ್ತೆ. ಸಿಡಿಯೋದು ಅದಕ್ಕೇ. ನೂರೈವತ್ತಕ್ಕೂ ಜಾಸ್ತಿ ವರ್ಷ ಸುಮ್ಮನಿದ್ದ ಬ್ಯಾರನ್ 1991ರಲ್ಲಿ ಮತ್ತೆ ಉಗುಳಿತು.

ಮಗಳಿಗೆ ಕಥೆ ಬೇಕಲ್ವಾ? ಮೆಕ್ಸಿಕೋದ ಪರಿಕುಟಿನ್ ಜ್ವಾಲಾಮುಖಿಯದು ಹೇಳು. ಅಲ್ಲೂ ಸಮುದ್ರದ ತಳ ನೆಲದಡಿಗೆ ನುಗ್ಗುತ್ತೆ. 1943ರ ಫೆಬ್ರವರಿ 20. ಡಿಯೊನಿಸಿಯೊ ಪುಲಿಡೊ ಎಂಬ ರೈತ ಬಿತ್ತನೆಗೆ ಮುಂಚೆ ಮೆಕ್ಕೆಜೋಳದ ಹೊಲ ಹಸನು ಮಾಡುತ್ತಿದ್ದ. ವಾರಗಟ್ಟಲೆಯಿಂದ ನೆಲ ನಡುಗುತ್ತಲೇ ಇತ್ತು. ಅವತ್ತು ಇಳಿಹೊತ್ತಿಗೆ ಹೊಲದಲ್ಲೇ ಬಿರುಕು. ಮಣ್ಣು ಉಬ್ಬಿ, ಹೊಗೆ ಬೂದಿ ಎದ್ದು, ಗಂಧಕದ ಘಾಟು ಹಬ್ಬಿತು. ಮರುದಿನ ನೋಡಿದರೆ ಅಲ್ಲೊಂದು ಗುಡ್ಡ! ವರ್ಷದೊಳಗೆ 300 ಮೀಟರ್ ದಾಟಿತು. ಒಳಗಿಂದ ಚಿಮ್ಮಿದ ಕಲ್ಲು, ಬೂದಿ ಬಾಯಿಯ ಸುತ್ತಲೇ ಬಿದ್ದು ರಾಶಿಯಾದದ್ದೇ ಆ ಗುಡ್ಡ. ಲಾವಾ ಎರಡು ಊರು ನುಂಗಿತು. ಒಂದು ಊರಿನ ಚರ್ಚಿನ ಗೋಪುರ ಇವತ್ತಿಗೂ ಕರಿಕಲ್ಲಿನ ನಡುವೆ ನಿಂತಿದೆ. ಲಾವಾ ನಿಧಾನವಾಗಿ ಬಂದಿದ್ದರಿಂದ ಜನ ಮೊದಲೇ ಊರು ಬಿಟ್ಟಿದ್ದರು. ಸತ್ತ ಮೂವರೂ ಬೂದಿ ಮೋಡದಲ್ಲಿ ಹುಟ್ಟಿದ ಸಿಡಿಲಿಗೆ ಬಲಿಯಾದವರು. 1952ರಲ್ಲಿ ಎಲ್ಲ ತಣ್ಣಗಾಯಿತು. ಪುಲಿಡೊನ ಹೊಲ ಮಾತ್ರ ಹೋಗಿಯೇ ಹೋಯಿತು.

ಅಷ್ಟು ದೂರ ಯಾಕೆ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಹಳೇ ಲಾವಾನೇ. ಮಡಗಾಸ್ಕರ್ ನಮ್ಮಿಂದ ಬೇರೆಯಾಗಿ ದೂರ ಸರಿಯುವ ಕಾಲಕ್ಕೆ, ಸುಮಾರು 8.8 ಕೋಟಿ ವರ್ಷದ ಹಿಂದೆ ಹೊರಬಂದದ್ದು. ಆರುವಾಗ ಕುಗ್ಗಿ ಬಿರುಕು ಬಿಟ್ಟು ಐದು, ಆರು ಮೂಲೆಯ ಕಂಬಗಳಾಗಿವೆ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ, ಡಿಸೆಂಬರ್ ರಜೆಗೆ ಮಗಳನ್ನು ಕರಕೊಂಡು ಬಾ. ಕಲ್ಲು ಮೊನಚು, ಗಟ್ಟಿ ಚಪ್ಪಲಿ ಹಾಕಿಸು.

ನಿನ್ನ,
ರವಿ