ಎಕ್ಸ್‌ಪೋಸ್ಯಾಟ್ ಸುದ್ದಿ: ಶೇಕಡಾವಾರು ಸಾಲದು, ದೋಷಮಿತಿಯೂ ಬೇಕು

ಮಾನ್ಯ ಸಂಪಾದಕರೇ,

2024ರ ಜನವರಿ 1ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ–ಸಿ58 ರಾಕೆಟ್‌ ಇಸ್ರೋದ ಎಕ್ಸ್‌ಪೋಸ್ಯಾಟ್ ಉಪಗ್ರಹವನ್ನು ಹೊತ್ತು ಹೊರಟಾಗ ನಮ್ಮ ಪತ್ರಿಕೆಗಳು ಅದಕ್ಕೆ ಒಳ್ಳೆಯ ಜಾಗ ಕೊಟ್ಟಿದ್ದವು. ಉಡಾವಣೆಯ ಸಂಭ್ರಮ ಮುಗಿದ ಮೇಲೆ ಅದರ ಮಾತು ಬರುವುದೇ ಅಪರೂಪ. ಬಂದರೂ ‘ಇಷ್ಟು ದಿನವಾಯಿತು, ಯಾವ ಚಿತ್ರ ಕಳಿಸಿದೆ?’ ಎಂಬ ಧಾಟಿಯಲ್ಲಿ ಬರುತ್ತದೆ. ಅದರ ಮುಖ್ಯ ಉಪಕರಣ ಪೋಲಿಕ್ಸ್ ಚಿತ್ರ ತೆಗೆಯುವುದೇ ಇಲ್ಲ. ಅದು ಕೊಡುವುದು ಎರಡು ಸಂಖ್ಯೆಗಳನ್ನು: ಆಕಾಶಕಾಯವೊಂದರಿಂದ ಬರುವ ಎಕ್ಸ್‌ರೇ ಶೇಕಡಾ ಎಷ್ಟು ಧ್ರುವೀಕರಣಗೊಂಡಿದೆ, ಯಾವ ಕೋನಕ್ಕೆ ವಾಲಿದೆ ಎಂದು. ಈ ಸಂಖ್ಯೆಗಳನ್ನು ಓದುಗರ ಮುಂದೆ ಹೇಗೆ ಇಡಬೇಕು ಎಂದು ಹೇಳುವುದಕ್ಕೆ ಈ ಪತ್ರ. ಪೋಲಿಕ್ಸ್ ರೂಪುಗೊಂಡದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಜೊತೆಗಿರುವ ಇನ್ನೊಂದು ಉಪಕರಣ ಎಕ್ಸ್‌ಸ್ಪೆಕ್ಟ್ ಅದೇ ಊರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದ್ದು. ಇದರ ಸುದ್ದಿ ಕನ್ನಡದಲ್ಲೇ ಚೆನ್ನಾಗಿ ಬರಬೇಕು ಎಂಬ ಆಸೆ ನಮ್ಮದು.

ಎಕ್ಸ್‌ರೇಯೂ ಬೆಳಕಿನ ಜಾತಿಯದೇ. ಅದರ ವಿದ್ಯುತ್ ಕ್ಷೇತ್ರ ಎಲ್ಲ ಕಡೆಗೂ ಸಮನಾಗಿ ಕಂಪಿಸದೆ ಒಂದು ದಿಕ್ಕಿಗೆ ಒಲಿದಿದ್ದರೆ ಅದನ್ನು ಧ್ರುವೀಕರಣ ಎನ್ನುತ್ತೇವೆ. ಪೋಲಿಕ್ಸ್‌ನಲ್ಲಿ ಮೇಲೆ ಒಂದು ಕಾಲಿಮೇಟರ್ ಇದೆ. ಆಕಾಶದ 3 ಡಿಗ್ರಿ ಅಗಲ, 3 ಡಿಗ್ರಿ ಉದ್ದದ ತುಣುಕಿನಿಂದ ಬಂದ ಕಿರಣಗಳನ್ನಷ್ಟೇ ಅದು ಒಳಬಿಡುತ್ತದೆ. ಅದರ ಕೆಳಗೆ ಹಗುರ ಧಾತುವಿನ ಬಿಲ್ಲೆ. ಬಿಲ್ಲೆಯ ನಾಲ್ಕು ಮಗ್ಗುಲಿಗೂ ಅನಿಲ ತುಂಬಿದ ಒಂದೊಂದು ಪ್ರೊಪೋರ್ಷನಲ್ ಕೌಂಟರ್, ಅಂದರೆ ಎಕ್ಸ್‌ರೇ ಎಣಿಸುವ ಸಾಧನ. ಬಿಲ್ಲೆಗೆ ಬಡಿದ ಫೋಟಾನ್ (ಎಕ್ಸ್‌ರೇಯ ಒಂದು ಕಣ) ತನ್ನ ವಿದ್ಯುತ್ ಕ್ಷೇತ್ರಕ್ಕೆ ಲಂಬವಾದ ದಿಕ್ಕಿಗೆ ಚದುರುವ ಸಂಭವ ಹೆಚ್ಚು, ಕ್ಷೇತ್ರದ ದಿಕ್ಕಿಗೇ ಚದುರುವ ಸಂಭವ ತೀರಾ ಕಡಿಮೆ. ಇದು ಥಾಮ್ಸನ್ ಚದುರಿಕೆ. ಯಾವ ಕೋನಕ್ಕೆ ಎಷ್ಟು ಫೋಟಾನ್ ಬಂತು ಎಂದು ಗುರುತು ಹಾಕುತ್ತ ಹೋದರೆ ಪೂರ್ತಿ ಒಂದು ಸುತ್ತಿನಲ್ಲಿ ಎರಡು ಸಲ ಏರಿ ಎರಡು ಸಲ ಇಳಿಯುವ ಅಲೆ ಮೂಡುತ್ತದೆ. ಅಲೆಯ ಎತ್ತರದಿಂದ ಧ್ರುವೀಕರಣದ ಪ್ರಮಾಣ, ಶಿಖರ ಇರುವ ಜಾಗದಿಂದ ಅದರ ಕೋನ ಗೊತ್ತಾಗುತ್ತದೆ.

ಬಿಲ್ಲೆ ಹಗುರ ಧಾತುವಿನದೇ ಆಗಿರಬೇಕು. ಭಾರದ ಧಾತುವಾದರೆ ಫೋಟಾನ್ ಚದುರುವ ಮೊದಲೇ ಅದರೊಳಗೆ ಹೀರಿಹೋಗುತ್ತದೆ. ಹಗುರ ಧಾತುವಿನಲ್ಲೂ ಕಡಿಮೆ ಶಕ್ತಿಯ ಫೋಟಾನ್‌ಗಳ ಗತಿ ಅದೇ. ಆದ್ದರಿಂದ ಪೋಲಿಕ್ಸ್‌ನ ಕೆಲಸ 8 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಿಂದ (ಇದು ಫೋಟಾನ್‌ನ ಶಕ್ತಿಯ ಅಳತೆ) ಶುರುವಾಗಿ 30ಕ್ಕೆ ಮುಗಿಯುತ್ತದೆ. 30ರ ಆಚೆಗೆ ಆಕಾಶಕಾಯಗಳಿಂದ ಬರುವ ಫೋಟಾನ್‌ಗಳೇ ವಿರಳ.

ಎಡವಟ್ಟು ಆಗುವುದು ಇಲ್ಲಿ. ನಾಲ್ಕು ಕೌಂಟರ್‌ಗಳು ಎಂದಿಗೂ ಪೂರ್ತಿ ಒಂದೇ ತೆರನಾಗಿ ವರ್ತಿಸುವುದಿಲ್ಲ. ಒಂದು ಕೌಂಟರ್ ಶೇ 2ರಷ್ಟು ಹೆಚ್ಚು ಎಣಿಸಿದರೆ ಸಾಕು, ಇಲ್ಲದ ಅಲೆ ಇದ್ದಂತೆ ಕಾಣುತ್ತದೆ. ಅದಕ್ಕೇ ಎಕ್ಸ್‌ಪೋಸ್ಯಾಟ್ ತಾನು ನೋಡುತ್ತಿರುವ ದಿಕ್ಕನ್ನೇ ಅಕ್ಷವಾಗಿಸಿಕೊಂಡು ನಿಧಾನಕ್ಕೆ ತಿರುಗುತ್ತಿರುತ್ತದೆ. ಪ್ರತಿ ಕೌಂಟರೂ ಪ್ರತಿ ಕೋನವನ್ನೂ ಹಾದುಹೋಗುವುದರಿಂದ ಅವುಗಳ ನಡುವಿನ ವ್ಯತ್ಯಾಸ ಸರಿದೂಗುತ್ತದೆ. ಆದರೂ ಗುರಿ ತುಸು ಪಕ್ಕಕ್ಕೆ ಸರಿದರೆ ಕಿರಣಗಳು ಬಿಲ್ಲೆಯ ಒಂದು ಬದಿಗೆ ಹೆಚ್ಚು ಬೀಳುತ್ತವೆ, ಆಗ ಸುಳ್ಳು ಅಲೆ ಏಳುತ್ತದೆ. ಅಂಥ ಅಲೆ ಬಹುಮಟ್ಟಿಗೆ ಸುತ್ತಿಗೆ ಒಂದೇ ಸಲ ಏರಿಳಿಯುತ್ತದೆ. ನಿಜವಾದದ್ದು ಎರಡು ಸಲ. ಈ ಭೇದ ತಿಳಿಯದೆ ಲೆಕ್ಕ ಹಾಕಿದವರು ಮೋಸಹೋಗುತ್ತಾರೆ. ಭೂಮಿಯ ಮೇಲೆ ನಡೆಸುವ ಪರೀಕ್ಷೆಗಳಲ್ಲಿ ಧ್ರುವೀಕರಣವಿಲ್ಲದ ಎಕ್ಸ್‌ರೇ ಹಾಯಿಸಿ ರೇಖೆ ಸಪಾಟಾಗಿ ಬರುತ್ತದೆಯೇ ಎಂದು ನೋಡುವುದು, 90 ಡಿಗ್ರಿಗೆ ಚದುರಿಸಿ ಪಡೆದ ಧ್ರುವೀಕೃತ ಎಕ್ಸ್‌ರೇ ಹಾಯಿಸಿ ಅಲೆ ಎಷ್ಟು ಎತ್ತರ ಏಳುತ್ತದೆ ಎಂದು ನೋಡುವುದು, ಇವೆರಡೂ ಅನಿವಾರ್ಯ.

ಈಗ ‘ಇಷ್ಟು ತಡ ಯಾಕೆ’ ಎಂಬ ಪ್ರಶ್ನೆಗೆ ಬರೋಣ. ಉತ್ತರ ಗುಣಾಕಾರ ಭಾಗಾಕಾರದಲ್ಲೇ ಇದೆ. ಪೂರ್ತಿ ಧ್ರುವೀಕೃತ ಕಿರಣ ಬಿದ್ದಾಗ ಉಪಕರಣ ತೋರಿಸುವ ಅಲೆಯ ಎತ್ತರ ಶೇ 40 ಎಂದಿಟ್ಟುಕೊಳ್ಳಿ. ಶೇ 3ರಷ್ಟು ಧ್ರುವೀಕರಣವನ್ನು ಶೇ 99ರ ಭರವಸೆಯಿಂದ ಗುರುತಿಸಬೇಕು. ನಿಯಮ ಹೀಗಿದೆ: 0.40 ಮತ್ತು 0.03 ಗುಣಿಸಿ, ಬಂದದ್ದರಿಂದ 4.29 ಅನ್ನು ಭಾಗಿಸಿ, ಉತ್ತರದ ವರ್ಗ ಮಾಡಿ. ಸುಮಾರು 1,28,000 ಫೋಟಾನ್ ಬೇಕು. ಕಾಯ ಇದೆಯೋ ಇಲ್ಲವೋ ಎಂದು ಹೇಳಲು ಕೆಲವೇ ಹತ್ತು ಫೋಟಾನ್ ಸಾಕಾಗುವ ಕ್ಷೇತ್ರದಲ್ಲಿ ಇದು ಬಹಳ ದೊಡ್ಡ ಸಂಖ್ಯೆ. ಶೇ 1ರವರೆಗೆ ಇಳಿಯಬೇಕಾದರೆ 11.5 ಲಕ್ಷ, ಅಂದರೆ ಒಂಬತ್ತು ಪಟ್ಟು. ಇದರ ಮೇಲೆ ಹಿನ್ನೆಲೆ ಎಣಿಕೆಯ ಕಾಟ. ಕಾಸ್ಮಿಕ್ ಕಿರಣಗಳು ಕೌಂಟರ್‌ನಲ್ಲಿ ಹುಟ್ಟಿಸುವ ಎಣಿಕೆ ಆಕಾಶಕಾಯದ ಎಣಿಕೆಗೆ ಸಮನಾಗಿದ್ದರೆ ಬೇಕಾದ ಕಾಲ ಇಮ್ಮಡಿಯಾಗುತ್ತದೆ, ಮೂರು ಪಟ್ಟಿದ್ದರೆ ನಾಲ್ಮಡಿ.

ಒಂದು ಕಾಯದಿಂದ ಸೆಕೆಂಡಿಗೆ ಒಂದು ಎಣಿಕೆ ಬರುತ್ತಿದೆ, ಹಿನ್ನೆಲೆ ಅದರ ಮೂರು ಪಟ್ಟು ಎಂದುಕೊಂಡರೆ ಶೇ 3ಕ್ಕೆ ಸುಮಾರು 142 ಗಂಟೆ ಬೇಕು, ಶೇ 1ಕ್ಕೆ 53 ದಿನ. ಇದು ಉಪಕರಣ ನಿಜಕ್ಕೂ ಎಣಿಸುತ್ತಿರುವ ಕಾಲ ಮಾತ್ರ. 650 ಕಿ.ಮೀ. ಎತ್ತರದ ಕಕ್ಷೆಯಲ್ಲಿ ಒಂದು ಸುತ್ತಿಗೆ ಸುಮಾರು 98 ನಿಮಿಷ. ಅದರಲ್ಲಿ ಮೂರರಲ್ಲೊಂದು ಪಾಲು ಭೂಮಿಯೇ ಅಡ್ಡ ಬರಬಹುದು. ದಕ್ಷಿಣ ಅಟ್ಲಾಂಟಿಕ್‌ನ ಮೇಲೆ ವಿದ್ಯುದಾವಿಷ್ಟ ಕಣಗಳ ದಟ್ಟಣೆ ಇದೆ. ಕಕ್ಷೆಯನ್ನು ಸಮಭಾಜಕಕ್ಕೆ ಬರೀ 6 ಡಿಗ್ರಿ ಓರೆಯಾಗಿ ಇರಿಸಿದ್ದರಿಂದ ಆ ವಲಯದ ಅಂಚನ್ನಷ್ಟೇ ಸವರಿ ಹೋಗಬಹುದು. ಒಂದೇ ಕಾಯವನ್ನು ವಾರಗಟ್ಟಲೆ ನೋಡುತ್ತ ಕೂರುವುದು ಈ ಉಪಗ್ರಹದ ದಿನಚರಿ. ಸುಮಾರು 5 ವರ್ಷದಲ್ಲಿ 40ರಷ್ಟು ಪ್ರಖರ ಕಾಯಗಳು ಎಂಬ ಯೋಜನೆ ಯಾಕೆ ಎಂಬುದು ಈ ಲೆಕ್ಕದಿಂದ ಅರ್ಥವಾಗುತ್ತದೆ.

ಇನ್ನೊಂದು ತೊಡಕನ್ನು ವರದಿಗಾರರು ಗಮನಿಸಲೇಬೇಕು. ಧ್ರುವೀಕರಣದ ಪ್ರಮಾಣ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ನಾಣ್ಯವನ್ನು ನೂರು ಸಲ ಚಿಮ್ಮಿದಾಗ ಸರಿಯಾಗಿ ಐವತ್ತು–ಐವತ್ತು ಬರುವುದು ಹೇಗೆ ಅಪರೂಪವೋ, ಧ್ರುವೀಕರಣವೇ ಇಲ್ಲದ ಕಾಯವೂ ಹಾಗೆಯೇ ಶೇ 1, ಶೇ 2 ಎಂದು ಏನಾದರೊಂದು ಸಂಖ್ಯೆ ಕೊಟ್ಟೇ ಕೊಡುತ್ತದೆ. ‘ಶೇ 2 ಧ್ರುವೀಕರಣ ಪತ್ತೆ’ ಎಂಬ ತಲೆಬರಹಕ್ಕೆ ದೋಷಮಿತಿ, ಅಂದರೆ ಅಳತೆ ಎಷ್ಟು ಆಚೀಚೆ ಆಗಿರಬಹುದು ಎಂಬುದು, ತಿಳಿಯದೆ ಬೆಲೆಯಿಲ್ಲ. 2±0.3 ಆದರೆ ಅದು ಪತ್ತೆ, 2±1.5 ಆದರೆ ಏನೂ ಅಲ್ಲ.

ಈ ಸಂಖ್ಯೆಗಳಿಗೆ ಇಷ್ಟು ಪಾಡುಪಡುವುದು ಯಾಕೆಂದರೆ, ನ್ಯೂಟ್ರಾನ್ ನಕ್ಷತ್ರದ ಕಾಂತಕ್ಷೇತ್ರದ ಆಕಾರ, ಕಪ್ಪುಕುಳಿಯ ಸುತ್ತಲಿನ ಬಿಸಿ ಅನಿಲ ಹರಡಿರುವ ರೀತಿ ಬೇರೆ ದಾರಿಯಿಂದ ಸುಲಭವಾಗಿ ಸಿಗುವುದಿಲ್ಲ. ಅಮೆರಿಕದ ಓಎಸ್‌ಓ–8 ಉಪಗ್ರಹ 1970ರ ದಶಕದಲ್ಲಿ ಕ್ರ್ಯಾಬ್ ನೀಹಾರಿಕೆಯಲ್ಲಿ ಶೇ 19ರಷ್ಟು ಧ್ರುವೀಕರಣ ಅಳೆದ ಮೇಲೆ, ಇದಕ್ಕೆಂದೇ ಮೀಸಲಾದ ದೊಡ್ಡ ಉಪಗ್ರಹ ಬರಲು 2021ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಆಗ ಹಾರಿದ ನಾಸಾದ ಐಎಕ್ಸ್‌ಪಿಇ 2ರಿಂದ 8 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗೆ ನೋಡುತ್ತದೆ. ಸಿಗ್ನಸ್ ಎಕ್ಸ್–1 ಕಪ್ಪುಕುಳಿಯಲ್ಲಿ ಅದಕ್ಕೆ ಶೇ 4 ಸಿಕ್ಕಿತು, ಕೋನ ಅಲ್ಲಿಂದ ಚಿಮ್ಮುವ ಕಣಗಳ ಧಾರೆಯ (ಜೆಟ್‌ನ) ದಿಕ್ಕಿಗೇ ಹೊಂದಿಕೊಂಡಿತ್ತು. ಎಕ್ಸ್‌ರೇ ಸೂಸುವ ಬಿಸಿ ಅನಿಲ ಜೆಟ್‌ನ ಉದ್ದಕ್ಕೆ ಇಲ್ಲ, ಅದಕ್ಕೆ ಅಡ್ಡಲಾಗಿ ಹರಡಿದೆ ಎಂಬ ತೀರ್ಮಾನಕ್ಕೆ ಅದು ಆಧಾರವಾಯಿತು. ಹರ್ಕ್ಯುಲಿಸ್ ಎಕ್ಸ್–1 ಪಲ್ಸರ್‌ನಲ್ಲಿ (ತಿರುಗುತ್ತ ಮಿಡಿಯುವ ನ್ಯೂಟ್ರಾನ್ ನಕ್ಷತ್ರ) ಶೇ 60–80ರವರೆಗೆ ಬರಬಹುದು ಎಂದು ಸಿದ್ಧಾಂತ ಹೇಳುತ್ತಿತ್ತು. ಬಂದದ್ದು ಸರಾಸರಿ ಶೇ 9ರ ಆಸುಪಾಸು.

ಅತ್ತ ನಮ್ಮದೇ ಆಸ್ಟ್ರೋಸ್ಯಾಟ್‌ನ ಉಪಕರಣ ಕ್ರ್ಯಾಬ್‌ನ ಧ್ರುವೀಕರಣವನ್ನು 100ರಿಂದ 380 ಕಿಲೋ ಎಲೆಕ್ಟ್ರಾನ್ ವೋಲ್ಟ್ ನಡುವೆ ಅಳೆದಿದೆ. ನಡುವಿನ ಖಾಲಿ ಜಾಗಕ್ಕೆ ಕಾಲಿಡುವುದು ಪೋಲಿಕ್ಸ್. ಹಲವು ಪಲ್ಸರ್‌ಗಳಲ್ಲಿ ಕಾಂತಕ್ಷೇತ್ರದ ಬಲವನ್ನು ನೇರವಾಗಿ ತಿಳಿಸುವ ಸೈಕ್ಲೋಟ್ರಾನ್ ರೇಖೆಗಳು ಬೀಳುವುದು ಇದೇ ಜಾಗದಲ್ಲಿ: 4ಯು 0115+63ರಲ್ಲಿ ಸುಮಾರು 12, ವೆಲಾ ಎಕ್ಸ್–1ರಲ್ಲಿ ಸುಮಾರು 25. ಒಂದು ಲಕ್ಷ ಕೋಟಿ ಗಾಸ್ (ಕಾಂತಕ್ಷೇತ್ರದ ಮಾನ) ಬಲಕ್ಕೆ 11.6 ಕಿಲೋ ಎಲೆಕ್ಟ್ರಾನ್ ವೋಲ್ಟ್ ಎಂಬ ಲೆಕ್ಕದಲ್ಲಿ ಬಲ ತಿಳಿಯುತ್ತದೆ. ಆ ರೇಖೆಯ ಆಚೆ ಈಚೆ ಧ್ರುವೀಕರಣ ಹೇಗೆ ಬದಲಾಗುತ್ತದೆ ಎಂದು ಅಳೆಯುವುದು ಈ ಕ್ಷೇತ್ರದ ಅತ್ಯಂತ ಕುತೂಹಲದ ಕೆಲಸ ಎಂದು ನಾವು ನಂಬಿದ್ದೇವೆ.

ಆದ್ದರಿಂದ ನಮ್ಮ ಕೋರಿಕೆ ಇಷ್ಟೇ. ಪೋಲಿಕ್ಸ್‌ನ ಫಲಿತಾಂಶ ಬಂದಾಗ ಶೇಕಡಾವಾರಿನ ಪಕ್ಕದಲ್ಲೇ ದೋಷಮಿತಿ, ಯಾವ ಶಕ್ತಿಯ ವ್ಯಾಪ್ತಿಯಲ್ಲಿ ಅಳೆದದ್ದು, ಎಷ್ಟು ಕಾಲ ನೋಡಿದ್ದು ಎಂಬುದನ್ನು ಒಂದೊಂದು ಸಾಲಿನಲ್ಲಿ ಅಚ್ಚು ಮಾಡಿ. ವ್ಯಾಪ್ತಿ ಹೇಳದೆ ಐಎಕ್ಸ್‌ಪಿಇಯ ಸಂಖ್ಯೆಯೊಂದಿಗೆ ಹೋಲಿಸಿ ‘ವಿರೋಧಾಭಾಸ’ ಎಂದು ಬರೆಯಬೇಡಿ. ಶಕ್ತಿ ಬದಲಾದಂತೆ ಧ್ರುವೀಕರಣವೂ ಬದಲಾಗುವುದು ಸಹಜ. ‘ಶೇ 5ಕ್ಕಿಂತ ಕಡಿಮೆ’ ಎಂಬಂಥ ಮೇಲ್ಮಿತಿ ಮಾತ್ರ ಪ್ರಕಟವಾದರೆ ಅದನ್ನು ವೈಫಲ್ಯ ಎನ್ನಬೇಡಿ. ಶೇ 60 ನಿರೀಕ್ಷಿಸಿದ ಕಡೆ 5ನ್ನೂ ದಾಟಲಿಲ್ಲ ಎಂದರೆ ಸಿದ್ಧಾಂತ ಬರೆದವರು ಮತ್ತೆ ಕೂತು ಲೆಕ್ಕ ಹಾಕಬೇಕಾಗುತ್ತದೆ. ಅದು ಒಳಪುಟದ ಮೂಲೆಗೆ ಹೋಗಬೇಕಾದ ಸುದ್ದಿಯಲ್ಲ.

ಇಂತಿ,
ಕೆಲವು ಭೌತವಿಜ್ಞಾನ ಅಧ್ಯಾಪಕರು,
ಮೈಸೂರು