ಮೆಂಟರ್ ಹುಡುಕುತ್ತಿರುವವರ ಗಮನಕ್ಕೆ

ಎಲ್ಲರಿಗೂ ಶರಣು. "ವ್ಯಾಪಾರಕ್ಕೆ ದಾರಿ ತೋರಿಸುವ ಒಳ್ಳೆ ಮೆಂಟರ್ ಇದ್ದರೆ ನಂಬರ್ ಕೊಡಿ" ಅಂತ ಈ ವಾರ ನಾಲ್ಕೈದು ಜನ ಕೇಳಿದ್ದೀರಿ. ಗುಂಪಿನಲ್ಲಿ ಯಾರ ನಂಬರೂ ಹಾಕುವುದಿಲ್ಲ. ಮೊದಲು ನಿಮಗೆ ಎಲ್ಲಿ ಅಡ್ಡಿಯಾಗಿದೆ ಅನ್ನೋದನ್ನು ಒಂದೇ ಸಾಲಿನಲ್ಲಿ ಬರೆಯಿರಿ. "ವ್ಯಾಪಾರ ಬೆಳೀಬೇಕು" ಅಂದರೆ ಸಾಲದು.

ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದೇ ಬೆಳೆ ಅನ್ನೋ ಸರ್ಕಾರಿ ಗುರುತು) ಬಂದ ಮೇಲೆ ನಾನೂ ಬೇಳೆ ಪ್ಯಾಕಿಂಗ್ ಶುರು ಮಾಡಿದೆ. ಬೆಂಗಳೂರಿನ ಒಬ್ಬರ ಹಿಂದೆ ಆರು ತಿಂಗಳು ಸುಮ್ನೆ ಅಲೆದೆ. ಅವರಿಗೆ ಗೊತ್ತಿದ್ದದ್ದು ಆ್ಯಪ್. ನನ್ನ ತೊಂದರೆ ಬೇಳೆಗೆ ಹುಳ ಬೀಳೋದು! ಕೊನೆಗೆ ಇಲ್ಲೇ ದಾಲ್ ಮಿಲ್ಲಿನ ಸಾವುಕಾರರೊಬ್ಬರು ಒಂದು ಕಾಳು ಹಲ್ಲಿಗಿಟ್ಟು ಕಚ್ಚಿದರು. "ಕಟ್ ಅನ್ನವಲ್ದು ನೋಡು, ಇನ್ನೂ ಹಸಿ ಅದ. ಎರಡು ಬಿಸಿಲು ಕೊಡು" ಅಂದರು. ಚಹಾದ ದುಡ್ಡೂ ಅವರೇ ಕೊಟ್ಟರು.

ಹೊರಗಿನವರು ಬೇಕಿದ್ದರೆ ಹೊಸ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ನಡೆಸುವ ಸ್ಟಾರ್ಟಪ್ ಇಂಡಿಯಾದ 'ಮಾರ್ಗ್' ಪೋರ್ಟಲ್ ಇದೆ, ನಿಮ್ಮ ಕೆಲಸಕ್ಕೆ ಹೊಂದುವ ಮೆಂಟರ್‌ಗಳನ್ನು ಅಲ್ಲಿ ಹುಡುಕಬಹುದು. ಮೊದಲ ಭೇಟಿಯಲ್ಲೇ ಕಂಪನಿಯಲ್ಲಿ ಪಾಲು ಕೇಳುವವರಿದ್ದರೆ ದೂರ ಇರಿ. ನೀವೂ ಅಷ್ಟೇ, ಹೋದ ತಕ್ಷಣ "ಮೆಂಟರ್ ಆಗ್ತೀರಾ?" ಅನ್ನಬೇಡಿ. ಹೆಣ್ಣು ನೋಡಲು ಹೋದ ದಿನವೇ ಅಕ್ಕಿಕಾಳು ಹಾಕಿ ಅಂದಂಗಾಗುತ್ತದೆ. ಒಂದು ಪ್ರಶ್ನೆ, ಇಪ್ಪತ್ತು ನಿಮಿಷ, ಸಾಕು.

ನಿಮ್ಮ ಒಂದು ಸಾಲು ಶನಿವಾರ ರಾತ್ರಿಯೊಳಗೆ ನನಗೆ ಪರ್ಸನಲ್ ಆಗಿ ಕಳಿಸಿ. ಇಲ್ಲಿ ಗುಡ್ ಮಾರ್ನಿಂಗ್ ಫೋಟೊ ಬೇಡ, ಅಣ್ಣಂದಿರೇ.